ಪೆಟ್ಟಿಗೆ ವಿಷಯ ನನಗೆ ಬಿಡು!

"ಪೆಟ್ಟಿಗೆ ವಿಷಯ ನನಗೆ ಬಿಡು! ನೀನು ನಿಶ್ಚಿಂತೆಯಾಗಿರು!" ಎಂದು ನಾನು ಎದೆ ತಟ್ಟಿಕೊಂಡು ಘೋಷಿಸಿದ ಆ ಶುಕ್ರವಾರವನ್ನು ಈಗ ನೆನೆದರೆ, ಅದೇ ಎದೆಗೆ ಇನ್ನೆರಡು ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ನನ್ನ ಹೆಂಡತಿ ಮಣ್ಣಿನ ಟೀ ಕಪ್ ಮಾಡುತ್ತಾಳೆ. ಬಾಲ್ಕನಿಯಲ್ಲಿ ಚಕ್ರ ಇಟ್ಟುಕೊಂಡು ಮೂರು ವರ್ಷದಿಂದ ಒಂದೇ ಸಮನೆ ಸಾಧನೆ. ಮೊದಲ ವರ್ಷದ ಕಪ್ಪುಗಳು ವಾಲುತ್ತಿದ್ದವು. ಎರಡನೇ ವರ್ಷದವು ಸೋರುತ್ತಿದ್ದವು. ಮೂರನೇ ವರ್ಷ ಹಾಕಿದ ಟೀ ಒಳಗೇ ನಿಂತಿತು! ಆ ಸುದ್ದಿ ಹೇಗೋ ಪರವೂರಿನ ಮಹಿಳೆಯೊಬ್ಬರಿಗೆ ಮುಟ್ಟಿ, ಅವರು ಹೊಸದಾಗಿ ತೆರೆಯಲಿದ್ದ ಟೀ ಅಂಗಡಿಗೆ ಮೂವತ್ತು ಕಪ್ ಬೇಕೆಂದರು. ಸೋಮವಾರ ಅಂಗಡಿ ಶುರು. ಶನಿವಾರ ನಾಲ್ಕು ಗಂಟೆಗೆ ಪಾರ್ಸೆಲ್ ವ್ಯಾನು. ಇವಳ ಬಾಳಿನ ಮೊಟ್ಟಮೊದಲ ಆರ್ಡರು!

"ದಾರೀಲಿ ಒಡೆದುಹೋದ್ರೆ ಏನ್ರೀ ಗತಿ?" ಎಂದಳು.

"ಹನ್ನೊಂದು ವರ್ಷ ಆಫೀಸಿನ ರವಾನೆ ವಿಭಾಗದಲ್ಲಿ ಇರೋನು ನಾನು. ನನ್ನ ಕೈಯಿಂದ ಹೋಗಿದ್ದು ಒಂದಾದ್ರೂ ಒಡೆದಿದೆಯಾ?"

"ನೀವು ಕಳಿಸೋದು ಬರೀ ಲಕೋಟೆ ಅಲ್ವಾ?"

"ಲಕೋಟೆ ಅಂದ್ರೆ ಏನು? ಪೆಟ್ಟಿಗೆಯ ತಮ್ಮ!"

ಮೂಲೆಯಲ್ಲಿ ಕನ್ನಡಕ ಒರೆಸಿಕೊಳ್ಳುತ್ತಿದ್ದ ನಮ್ಮತ್ತೆಯವರು, "ಕಾಗದ ಒಡೆದಿದ್ದನ್ನ ನಾನಂತೂ ನೋಡಿಲ್ಲಪ್ಪ," ಎಂದರು. ಹಿರಿಯರ ಮಾತನ್ನು ಗೌರವದಿಂದ ಕೇಳಿಸಿಕೊಳ್ಳದೆ ಬಿಟ್ಟೆ.

ಒಂದು ಕಪ್ಪಿನ ಎತ್ತರ ಅಳೆದೆ, ಹೊಟ್ಟೆಯ ಅಗಲ ಅಳೆದೆ, ಅಂಗೈ ಮೇಲೆ ಬರೆದುಕೊಂಡು ರಟ್ಟಿನ ಪೆಟ್ಟಿಗೆ ವ್ಯಾಪಾರಿಯ ಬಳಿಗೆ ದಂಡಯಾತ್ರೆ ಹೊರಟೆ. ಆತ ಕಿವಿಯಿಂದ ಪೆನ್ನು ತೆಗೆದು, "ಒಳಗೆ ಇಡೋದೇನು? ತೂಕ ಎಷ್ಟು? ಎಷ್ಟು ದೂರ ಹೋಗುತ್ತೆ?" ಎಂದು ಪೊಲೀಸರ ಹಾಗೆ ಕೇಳಿದ. ಆಮೇಲೆ ಕಂದು ಬಣ್ಣದ, ದಪ್ಪ ರಟ್ಟಿನ ದೊಡ್ಡ ಪೆಟ್ಟಿಗೆಯೊಂದನ್ನು ಮುಂದಿಟ್ಟ.

"ಒಡೆಯೋ ಸಾಮಾನಿಗೆ ಇದೇ ಸರಿ ಸಾರ್. ಒಳಗೆ ಮೆತ್ತಗೆ ಏನಾದ್ರೂ ತುಂಬಿ."

"ಇದಾ? ಆಲೂಗಡ್ಡೆ ತುಂಬೋಕೆ ಲಾಯಕ್ಕು! ನನ್ನ ಹೆಂಡತಿ ಮಾಡೋದು ಕಲೆ ಕಣ್ರೀ, ಕಲೆ!"

ಅಷ್ಟರಲ್ಲಿ ಗಾಜಿನ ಕಪಾಟಿನಲ್ಲಿ ಕಂಡಿತು ನೋಡಿ! ಕಡುನೀಲಿ ಬಣ್ಣ, ಮುಟ್ಟಿದರೆ ಮೊಲದ ಮೈ, ಟಪ್ ಎಂದು ತಾನಾಗಿ ಮುಚ್ಚಿಕೊಳ್ಳುವ ಆಯಸ್ಕಾಂತದ ಮುಚ್ಚಳ, ಪಕ್ಕದಲ್ಲಿ ಪಾರದರ್ಶಕ ಹಾಳೆಯ ಪುಟ್ಟ ಕಿಟಕಿ!

"ಅದು ವಾಚಿಗೆ ಮಾಡಿದ್ದು ಸಾರ್."

"ಟೀಗೂ ಟೈಮಿಗೂ ಸಂಬಂಧ ಇಲ್ವೇನ್ರೀ? ಮೂವತ್ತು ಕೊಡಿ!"

ಆತ ಮೂವತ್ತೂ ನೀಲಿ ಪೆಟ್ಟಿಗೆಗಳನ್ನು ನಾನು ಹಳಿದ ಆ ಕಂದು ಆಲೂಗಡ್ಡೆ ಪೆಟ್ಟಿಗೆಯಲ್ಲೇ ತುಂಬಿ ಕಳಿಸಿದ.

ಶನಿವಾರ ಮಧ್ಯಾಹ್ನ ಹೆಂಡತಿ ಮೊದಲ ಕಪ್ ತಂದಳು. ಇಟ್ಟಳು. ಹೋಗಲಿಲ್ಲ. ತಿರುಗಿಸಿದಳು. ಹೋಗಲಿಲ್ಲ.

"ಅಳತೆ ತಗೊಂಡ್ರಿ ತಾನೇ?"

"ಎತ್ತರ, ಅಗಲ, ಎರಡೂ!"

"ಕಿವಿ?"

ಕಪ್ಪಿನ ಕಿವಿ! ಹಿಡಿದುಕೊಳ್ಳುವ ಹಿಡಿ! ಅದನ್ನು ಅಳೆದೇ ಇರಲಿಲ್ಲ.

"ಅವರಿಗೆ ಕಿವಿ ಇದ್ದಿದ್ರೆ ಅಂಗಡಿಯವ್ನ ಮಾತು ಕೇಳಿಸ್ತಿತ್ತು," ಎಂದರು ಅತ್ತೆ. "ಅಳಿಯಂದ್ರ ಅಳತೆ, ನನ್ನ ಮಗಳಿಗೆ ಅಳು!"

ನಾನು ಸೋಲುವ ಕುಳವೇ? ಕತ್ತರಿ ತಂದೆ, ಕಿಟಕಿಯ ಹಾಳೆ ಕೊಯ್ದೆ, ಕಪ್ಪಿನ ಕಿವಿಯನ್ನು ಹೊರಗೆ ತೂರಿಸಿದೆ. ಬಸ್ಸಿನ ಕಿಟಕಿಯಿಂದ ಕೈ ಆಚೆ ಹಾಕಿ ಕೂತ ಪ್ರಯಾಣಿಕನಂತೆ ಕಪ್ ಕಂಗೊಳಿಸಿತು!

"ನೋಡು! ಪೆಟ್ಟಿಗೆ ಸಮೇತ ಎತ್ತಿ ಕುಡೀಬಹುದು!"

"ಬಿದ್ರೆ ಮೊದಲು ಕಿವಿ ಮುರಿಯುತ್ತಲ್ರೀ!"

"ಮುರಿಯುತ್ತಾ? ಈಗಲೇ ಪರೀಕ್ಷೆ ಮಾಡೋಣ!"

ಅವಳು "ರೀ, ಬೇಡ..." ಅನ್ನುವಷ್ಟರಲ್ಲಿ ನಾನು ಕಪ್ಪಿದ್ದ ಪೆಟ್ಟಿಗೆಯನ್ನು ಬಾಲ್ಕನಿಯಿಂದ ಕೆಳಗೆ ಬಿಟ್ಟಾಗಿತ್ತು. ಅರ್ಧ ದಾರಿಯಲ್ಲಿ ಆಯಸ್ಕಾಂತಕ್ಕೆ ವೈರಾಗ್ಯ ಬಂತು. ಮುಚ್ಚಳ ತೆರೆಯಿತು. ಕಪ್ಪು ಒಂದು ದಾರಿ ಹಿಡಿಯಿತು, ಪೆಟ್ಟಿಗೆ ಇನ್ನೊಂದು ದಾರಿ. ಕೆಳಮನೆಯ ನಿವೃತ್ತ ಡ್ರಿಲ್ ಮಾಸ್ತರರು ಅಂಗಳದಲ್ಲಿ ಹಾಸಿಗೆ ಬಿಸಿಲಿಗೆ ಹಾಕುತ್ತಿದ್ದರು. ಕಪ್ಪು ಹೋಗಿ ಹಾಸಿಗೆಯ ಮೇಲೆ ಸುಖವಾಗಿ ಮಲಗಿತು. ಪೆಟ್ಟಿಗೆ ಮಾಸ್ತರರ ಬೋಳುತಲೆಯ ಮೇಲೆ ಬಿದ್ದು ಅಪ್ಪಚ್ಚಿಯಾಯಿತು!

ಓಡಿ ಇಳಿದು, ಕೈ ಜೋಡಿಸಿ, "ಸಾರ್, ಪೆಟ್ಟಾಯ್ತಾ?" ಎಂದೆ.

ಅವರು ತಲೆ ಸವರಿಕೊಂಡು, ಚಪ್ಪಟೆಯಾದ ನೀಲಿ ರಟ್ಟನ್ನು ನನ್ನ ಕೈಗಿತ್ತು, "ಏನೂ ಆಗಿಲ್ಲ. ಇದು ಹೆಸರಿಗಷ್ಟೇ ಪೆಟ್ಟಿಗೆ. ಒಂದು ಪೆಟ್ಟಿಗೂ ಯೋಗ್ಯತೆ ಇಲ್ಲ!" ಎಂದರು. ಆಮೇಲೆ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನ ಮಾಡಿದವರ ಕೈ ಚೆನ್ನಾಗಿದೆ," ಎಂದು ಸೇರಿಸಿದರು.

ಮೇಲೆ ಬಂದಾಗ ಗಂಟೆ ಎರಡೂಮುಕ್ಕಾಲು. ಪೆಟ್ಟಿಗೆ ಅಂಗಡಿ ಶನಿವಾರ ಅರ್ಧ ದಿನ, ಬಾಗಿಲು ಹಾಕಿತ್ತು. ಹೆಂಡತಿ ಮೂವತ್ತು ಕಪ್ಪುಗಳ ನಡುವೆ ನೆಲದ ಮೇಲೆ ಕೂತಿದ್ದಳು. ಬೈಯಲಿಲ್ಲ. ಅದೇ ನನಗೆ ಹೆದರಿಕೆಯಾಗಿದ್ದು! ಒಂದು ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಅದರ ಅಂಚನ್ನು ಸುಮ್ಮನೆ ಬೆರಳಿಂದ ಸವರುತ್ತಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ನಾನು ಅವಳ ಪಕ್ಕದಲ್ಲಿ ಕುಕ್ಕರಿಸಿದೆ.

"ತಪ್ಪಾಯ್ತು ಕಣೇ," ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಲಿಲ್ಲ. ನೀಲಿ ಪೆಟ್ಟಿಗೆಗಳು ಬಂದಿದ್ದ ಕಂದು ಪೆಟ್ಟಿಗೆಯನ್ನು ನೋಡಿದಳು. ಎದ್ದು ಅದರ ಮೇಲೆ ಮಂಡಿ ಊರಿ ಒತ್ತಿದಳು. ಅದು ಜಪ್ಪಯ್ಯ ಅನ್ನಲಿಲ್ಲ!

"ಇದೇ ಸಾಕು. ಒಳಗೆ ತುಂಬೋಕೆ ಹಳೇ ಪೇಪರ್ ಕೊಡಿ."

"ಹೋದ ವಾರ ರದ್ದಿಗೆ ಹಾಕಿದೆ. ಮನೆ ಚೊಕ್ಕಟ ಇರಲಿ ಅಂತ..."

"ಅಯ್ಯೋ ದೇವರೇ! ಹಳೇ ಬಟ್ಟೆ?"

"ಅದನ್ನೂ ರದ್ದಿಯವನಿಗೇ..."

ಇವಳು ದಡದಡ ಒಳಗೆ ಹೋಗಿ ನನ್ನ ಬೀರು ತೆರೆದಳು. ಕಾಲುಚೀಲ ಕಳೆದುಹೋಗುತ್ತದೆಂದು ಡಜನ್‌ಗಟ್ಟಲೆ ಕೊಂಡಿಡುವ ಚಾಳಿ ನನ್ನದು. ದಪ್ಪನೆಯ ಉಣ್ಣೆಯವು, ಹದಿನಾಲ್ಕು ಜೊತೆ! ಅತ್ತೆ ತಮ್ಮದೊಂದು ಜೊತೆಯನ್ನು ದಾನವಾಗಿ ಕೊಟ್ಟು, ನನ್ನವನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ಪರೀಕ್ಷಿಸಿ, "ಒಗೆದಿದ್ದೇ. ತುಂಬು!" ಎಂದು ಅಪ್ಪಣೆ ಕೊಟ್ಟರು. ಒಂದೊಂದರೊಳಗೆ ಒಂದೊಂದು ಕಪ್ ಹೊಕ್ಕು, ನನ್ನ ಕಾಲುಚೀಲಗಳು ಕಣ್ಣೆದುರೇ ಕಪ್‌ಚೀಲಗಳಾದವು. ವ್ಯಾನು ಹಾರ್ನ್ ಹೊಡೆಯುವಾಗ ನಾನು ಕೊನೆಯ ಟೇಪು ಅಂಟಿಸುತ್ತಿದ್ದೆ.

ಭಾನುವಾರ ಹೇಗೋ ಕಳೆಯಿತು. ಸೋಮವಾರ ಸಂಜೆ ನಾನು ಆಫೀಸಿನಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಫೋನ್ ಬಂತು. ಟೀ ಅಂಗಡಿಯವರು! ಹೆಂಡತಿ ಸ್ಪೀಕರ್‌ಗೆ ಹಾಕಿದಳು.

"ಮೂವತ್ತೂ ಸುರಕ್ಷಿತವಾಗಿ ಬಂತು ಕಣ್ರೀ! ಒಂದು ಗೀರೂ ಇಲ್ಲ! ಗಿರಾಕಿಗಳಿಗೆ ತುಂಬಾ ಇಷ್ಟವಾಗಿದೆ. ಅದರಲ್ಲೂ ಆ ಉಣ್ಣೆ ಕವಚ! ಟೀ ಬಿಸಿಯಾಗೇ ಇರುತ್ತಂತೆ, ಕೈನೂ ಸುಡಲ್ವಂತೆ! ಅಂಥಾ ಐಡಿಯಾ ಯಾರದು ರೀ?"

ನಾನು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: "ಇನ್ನೂ ನೂರ ಇಪ್ಪತ್ತು ಕಪ್ ಬೇಕು. ಕವಚ ಮಾತ್ರ ಅದೇ ಥರದ್ದೇ ಇರಲಿ!"

ಹೆಂಡತಿ ಫೋನ್ ಕೆಳಗಿಟ್ಟಳು. ಕಣ್ಣಂಚು ಒರೆಸಿಕೊಂಡಳು. ನಕ್ಕಳು. ಆಮೇಲೆ ಅವಳ ದೃಷ್ಟಿ ನಿಧಾನವಾಗಿ ನನ್ನ ಮುಖದಿಂದ ಇಳಿದು, ಹೊಟ್ಟೆ ದಾಟಿ, ಮಂಡಿ ದಾಟಿ, ಪಾದದ ಮೇಲೆ ನಿಂತಿತು.

"ಅವೆರಡನ್ನೂ ಬಿಚ್ಚಿ, ಒಗೆದು ಹಾಕಿ," ಎಂದಳು. "ಇನ್ನು ನೂರ ಹದಿನೆಂಟು ಹೊಂದಿಸಿದರಾಯ್ತು!"