ನಾನೂರು ಕುದುರೆಗಳ ಪೈಕಿ ಕಾಣೆಯಾದ ಇನ್ನೂರ ಹದಿಮೂರರ ಕುರಿತು

ಹಾರ್ಲನ್ ಫೋರ್ಕ್ಸ್ ಹಳೇ ಕಾರು ಸಂಘ, ಒಹಾಯೊ
ಸಂಖ್ಯೆ: ಹಕಾಸಂ/ಕುದುರೆ/ಕಾಣೆ/213
ದಿನಾಂಕ: ಜೂನ್ 23

ವಿಷಯ: ಕಾರ್ಬ್ಯುರೇಟರ್ ಕಾಲದ ಕಾರುಗಳ ಅಶ್ವಶಕ್ತಿಯನ್ನು ಬಾಯಿಂದ ಅಳೆಯುವುದನ್ನು ನಿಲ್ಲಿಸುವ ಬಗ್ಗೆ.

ಉಲ್ಲೇಖ: 1) ಕಾರ್ಯದರ್ಶಿ ವರ್ಜಿಲ್ ಸ್ಟಕಿಯವರು ಊರಿನ ತಿಂಡಿ ಹೋಟೆಲಾದ ಡೈನರ್‌ನಲ್ಲಿ ಇಪ್ಪತ್ತೆರಡು ವರ್ಷಗಳಿಂದ ನೀಡುತ್ತ ಬಂದಿರುವ ಹೇಳಿಕೆಗಳು.
2) ಯಂತ್ರದಿಂದ ಹೊರಬಂದ ಕಾಗದ, ಅರ್ಧ ಪುಟ.

ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೆಯಲ್ಲಿ ಸಂಘದ ಅತಿ ಬಲಶಾಲಿ ಕಾರು ಮುಂದೆ ಹೋಗತಕ್ಕದ್ದು ಎಂಬ ನಿಯಮವಿದ್ದು, ಅದನ್ನು ಬರೆದವರೂ, ಅದರಂತೆ ಇಪ್ಪತ್ತೆರಡು ವರ್ಷ ಮುಂದೆ ಹೋದವರೂ ಸದರಿ ಕಾರ್ಯದರ್ಶಿಯವರೇ ಆಗಿರುತ್ತಾರೆ. ಅವರ 1969ರ ಹಸಿರು ಕಾರಿಗೆ ನಾನೂರು ಅಶ್ವಶಕ್ತಿ ಇದೆ ಎಂಬುದಕ್ಕೆ ಅವರ ಬಾಯಿಯ ಹೊರತು ಬೇರೆ ದಾಖಲೆ ಇರುವುದಿಲ್ಲ. ಈ ವರ್ಷ ಮೆಕ್ಯಾನಿಕ್ ಒಡೆಲ್ ಕೆಸ್ಲರ್ ಅವರು ಹಿಂದಿನ ಚಕ್ರಗಳನ್ನು ಉರುಳೆಗಳ ಮೇಲೆ ಓಡಿಸಿ ಬಲ ಅಳೆಯುವ ಡೈನೋ ಯಂತ್ರ ತಂದಾಗ, "ಎಲ್ರೂ ಅಳೆಸ್ರಪ್ಪಾ, ಯಾರ ಬಣ್ಣ ಏನೂಂತ ಬಯಲಾಗ್ಲಿ" ಎಂದು ಠರಾವು ಮಂಡಿಸಿದವರೂ ಅವರೇ.

ಕಳೆದ ಶನಿವಾರ ಹಸಿರು ಕಾರು ಗ್ಯಾರೇಜಿನ ತಗಡು ನಡುಗುವಂತೆ ಗರ್ಜಿಸಿ 187 ತೋರಿಸಿತು. ಶ್ರೀಮತಿ ಮೇವಿಸ್ ಟಾಲರ್ ಅವರು ಚರ್ಚಿಗೆ ಹಣ್ಣು ತುಂಬಿದ ಪೈ ತಿಂಡಿ ಸಾಗಿಸುವ ಉದ್ದನೆಯ ಬೂದು ಕಾರು, ಹಿಂದಿನ ಸೀಟಿನಲ್ಲಿ ಪೈಗಳಿದ್ದಂತೆಯೇ, 236 ತೋರಿಸಿತು. ಆದ್ದರಿಂದ ಸಮಸ್ತ ಸದಸ್ಯರಿಗೆ ಈ ಕೆಳಗಿನಂತೆ ತಿಳಿಯಪಡಿಸಲಾಗಿದೆ:

1. ಹಿಂದಿನ ಮಾಲೀಕ ಹೇಳಿದ, ಕಾರ್ಖಾನೆಯ ಪುಸ್ತಕದಲ್ಲಿರುವ ಹಾಗೂ ಕನಸಿನಲ್ಲಿ ಬಂದ ಕುದುರೆಗಳನ್ನು ಎಣಿಕೆಗೆ ಪರಿಗಣಿಸಲಾಗುವುದಿಲ್ಲ.

2. ಬಲವು ಎಂಜಿನ್‌ನಿಂದ ಚಕ್ರಕ್ಕೆ ಬರುವ ದಾರಿಯಲ್ಲಿ ಖರ್ಚಾಯಿತೆಂದು ನೂರಕ್ಕೆ ಹದಿನೈದರಷ್ಟು ಮಾತ್ರ ಹೇಳಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಖರ್ಚಾಗಿದ್ದಲ್ಲಿ ಸದಸ್ಯರು ಖುದ್ದಾಗಿ ಬಂದ ದಾರಿಯಲ್ಲೇ ನಡೆದು ಹುಡುಕತಕ್ಕದ್ದು.

3. ಒಬ್ಬ ಸದಸ್ಯರಿಗೆ ಒಂದೇ ನೆಪ. 'ಗಾಳೀಲಿ ತೇವ ಜಾಸ್ತಿ', 'ಈಗಿನ ಪೆಟ್ರೋಲಲ್ಲಿ ಏನಿದೆ ಮಣ್ಣು' ಎಂಬೆರಡನ್ನೂ ಕಾರ್ಯದರ್ಶಿಯವರು ಶನಿವಾರವೇ ಬಳಸಿ ಮುಗಿಸಿರುವುದರಿಂದ ಅವು ಲಭ್ಯವಿರುವುದಿಲ್ಲ.

4. ಅಳತೆಯ ವೇಳೆ ಕಾರಿನ ಪಕ್ಕ ನಿಂತು ಮುಂದಕ್ಕೆ ಬಾಗುವುದು, ಬಾನೆಟ್ ಸವರುವುದು, ಉಸಿರು ಬಿಗಿಹಿಡಿದು ಅದಕ್ಕೆ ನೆರವಾಗುವುದು ನಿಷಿದ್ಧ. ಕಾರ್ಯದರ್ಶಿಯವರು ಮೂರನ್ನೂ ಮಾಡಿಯೂ 187ರಲ್ಲೇ ಇದ್ದರು.

5. ಪರಿಶೀಲನೆಯಲ್ಲಿ ಕಂಡುಬಂದಿದ್ದೇನೆಂದರೆ, ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಉಣಿಸುವ ಕಾರ್ಬ್ಯುರೇಟರಿಗೆ ನಾಲ್ಕು ಬಾಯಿಗಳಿದ್ದು, ಹಿಂದಿನ ಎರಡು ಬಾಯಿಗಳು ವೇಗದ ಪೆಡಲನ್ನು ತಳದವರೆಗೆ ತುಳಿದಾಗ ಮಾತ್ರ ತೆರೆಯುತ್ತವೆ. ಪೆಡಲಿನ ಕೆಳಗೆ ಕಾರ್ಯದರ್ಶಿಯವರ ಪತ್ನಿ ಲೋರ್ನಾ ಹೆಣೆದ ದಪ್ಪ ಮ್ಯಾಟ್ ಇದ್ದುದರಿಂದ ಮ್ಯಾಟ್ ಬಂದಂದಿನಿಂದ ಅವು ಒಮ್ಮೆಯೂ ತೆರೆದಿರುವುದಿಲ್ಲ. ಇಪ್ಪತ್ತೆರಡು ವರ್ಷ ಪೂರ್ತಿ ತೆರೆದಿದ್ದದ್ದು ಕಾರ್ಯದರ್ಶಿಯವರ ಬಾಯಿ ಒಂದೇ.

6. ಮ್ಯಾಟ್ ತೆಗೆದು ಮತ್ತೆ ಅಳೆಯಲಾಗಿ 231 ಬಂದಿತು. ಮೇವಿಸ್ ಅವರ ಕಾರಿಗಿಂತ ಐದು ಕಡಿಮೆ. ಆಗ ಒಡೆಲ್ ಅವರು ತಗ್ಗಿದ ದನಿಯಲ್ಲಿ, "ಯಂತ್ರಕ್ಕೆ ಹವಾಮಾನದ ಲೆಕ್ಕ ಸ್ವಲ್ಪ ತಪ್ಪು ಕೊಟ್ರೆ ಆರು ಕುದುರೆ ಸಿಗ್ತವೆ. ಬೇಕೇನೋ ವರ್ಜಿಲ್?" ಎಂದು ವಿಚಾರಿಸಿದರು. ಕಾರ್ಯದರ್ಶಿಯವರು ಎರಡು ನಿಮಿಷ ತಡೆದು ಬೇಡವೆಂದರು. ಸದರಿ ಎರಡು ನಿಮಿಷಗಳನ್ನು ಕಡತದಿಂದ ತೆಗೆದುಹಾಕಲು ಕೋರಲಾಗಿದೆ.

7. ಮ್ಯಾಟ್ ಬಗ್ಗೆ ವಿವರಣೆ ಕೇಳಲಾಗಿ, ಲೋರ್ನಾ ಅವರು ಪೈ ತಿನ್ನುತ್ತಲೇ ನೀಡಿದ ಉತ್ತರ ಯಥಾವತ್ತಾಗಿ ಹೀಗಿದೆ: "ಅದೇನು ಮರ್ತು ಹಾಕಿದ್ದಲ್ಲ ಕಣೋ. ಕಾರು ತಂದ ಮೊದಲ್ನೇ ವಾರ ನನ್ನ ಕೂರಿಸ್ಕೊಂಡು ರೈಲ್ವೆ ಹಳಿ ಮೇಲಿಂದ ಹಾರಿಸ್ದೆ ನೋಡು, ಅವತ್ತೇ ಮನೆಗೆ ಬಂದು ಹೆಣೆಯೋಕೆ ಕೂತೆ. ಎರಡು ಮಡಿಕೆ ಮಾಡಿ ಹಾಕ್ದೆ. ಇಬ್ರೂ ಇದ್ದೀವಲ್ಲ ಈಗ್ಲೂ."



8. ಆದ್ದರಿಂದ ಮೆರವಣಿಗೆಯಲ್ಲಿ ಮೇವಿಸ್ ಅವರ ಕಾರು ಮುಂದೆ, ಹಸಿರು ಕಾರು ಹಿಂದೆ ಹೋಗತಕ್ಕದ್ದು. ಮ್ಯಾಟನ್ನು ಎರಡು ಮಡಿಕೆಯಲ್ಲೇ ಯಥಾಸ್ಥಾನದಲ್ಲಿ ಇಡತಕ್ಕದ್ದು. ಅದರಡಿಯ ನಲವತ್ತನಾಲ್ಕು ಕುದುರೆಗಳು ಲೋರ್ನಾ ಅವರ ಸುಪರ್ದಿನಲ್ಲಿ ಮುಂದುವರಿಯುತ್ತವೆ. ಉಳಿದವು ಹುಟ್ಟಿಯೇ ಇರಲಿಲ್ಲವೆಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ.

(ಸಹಿ)
ವರ್ಜಿಲ್ ಸ್ಟಕಿ
ಕಾರ್ಯದರ್ಶಿ (187)

ಪ್ರತಿಗಳು:
1. ಶ್ರೀಮತಿ ಮೇವಿಸ್ ಟಾಲರ್: ಹಿಂದೆ ಬರುವವರಿಗೆ ಪೈ ವಾಸನೆ ತಾಗುವಂತೆ ಕಿಟಕಿ ತೆರೆದಿಡುವ ಕೋರಿಕೆಯೊಂದಿಗೆ.
2. ಒಡೆಲ್ ಕೆಸ್ಲರ್: ಮರೆಯುವ ಸಲುವಾಗಿ.
3. ಡೈನರ್, ಕಿಟಕಿ ಪಕ್ಕದ ಮೇಜು: ಎಲ್ಲರಿಗೂ ಕೇಳುವಂತೆ ಓದಲು.
4. ಶ್ರೀಮತಿ ಲೋರ್ನಾ ಸ್ಟಕಿ: ವಂದನೆಗಳೊಂದಿಗೆ.
5. ಕಚೇರಿ ಪ್ರತಿ: ನಾಲ್ಕಾಗಿ ಮಡಚಿ ಮ್ಯಾಟಿನ ಕೆಳಗೆ ಇಡಲಾಗಿದೆ.