ಕಾಸಿದರೋ, ಕೊಯ್ದರೋ?

ಮಂದಿಗೆ ವಯಸ್ಸಾದರೆ ಬರೀ ರೋಗ ಬರುತ್ತದೆ. ನನಗೆ ರೋಗದ ಕೂಡ ಒಂದು ಕತೆಯೂ ಬರುತ್ತದೆ. ನಾನೇನು ಅದನ್ನು ಕರೆಯಲು ಹೋಗುವುದಿಲ್ಲ, ಮನೆ ಹುಡುಕಿಕೊಂಡು ತಾನೇ ಬಂದು ಕಟ್ಟೆಯ ಮೇಲೆ ಕುಂತಿರುತ್ತದೆ. ಇವು ಎಂಬತ್ತೈದನೇ ಇಸವಿಯ ಆಚೀಚಿನ ಮಾತು. ಸಾಲಿ ಕಲಿತವನಲ್ಲ ನಾನು, ಆದರೆ ಸುಳ್ಳು ಹೇಳುವ ಚಟ ಇಲ್ಲ. ಖರೇನೇ ಇಷ್ಟು ದೊಡ್ಡದಿರುವಾಗ ಸುಳ್ಳು ಯಾತಕ್ಕೆ?

ಗೂಟಕ್ಕೆ ತೂಗುಬಿದ್ದ ಅಂಗಿ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಭಟ್ಟಿ ನೋಡಿಕೊಳ್ಳುತ್ತಿದ್ದವನು. ಕರಗಿದ ಕಬ್ಬಿಣ ಜೇನಿನ ಹಾಗೆ ಹರಿಯುತ್ತದೆ. ಅದನ್ನು ನೋಡುತ್ತ ನೋಡುತ್ತ ಕಣ್ಣು ತೆರೆದೇ ಕನಸು ಕಾಣುವುದನ್ನು ಕಲಿತೆ. ಅಷ್ಟು ವರ್ಷ ಬೆಂಕಿಯ ಮುಂದೆ ನಿಂತವನ ರಕ್ತದಲ್ಲಿ ಕಾವು ಇಳಿದುಬಿಟ್ಟಿತ್ತು. ಥಂಡಿ ದಿನಗಳಲ್ಲಿ ಓಣಿಯ ಬೆಕ್ಕುಗಳೆಲ್ಲ ನನ್ನ ಮಗ್ಗುಲಿಗೇ ಬರುತ್ತಿದ್ದವು. ಮಳೆ ಹಿಡಿದಾಗ ಹೆಂಡತಿ ನನ್ನ ಬೆನ್ನ ಮೇಲೆ ಹಪ್ಪಳ ಒಣಗಿಸುತ್ತಿದ್ದಳು.

ಒಮ್ಮೆ ಕಲ್ಲಿದ್ದಲ ರಾಶಿಗೆ ಕಿಡಿ ಬಿತ್ತು. ತೊಟ್ಟಿಯಲ್ಲಿ ನೀರಿಲ್ಲ, ಮಂದಿ ಓಡಾಡತೊಡಗಿದರು. ನಾನು ಆಗಷ್ಟೇ ಒಂದು ಗಡಿಗೆ ಮಜ್ಜಿಗೆ ಕುಡಿದು ಬಂದಿದ್ದೆ. ಎಲ್ಲರಿಗೂ ಆ ಕಡೆ ಮಾರಿ ಮಾಡಿ ನಿಲ್ಲಲು ಹೇಳಿದೆ. ಅವರು ತಿರುಗಿ ನೋಡುವುದರೊಳಗೆ ರಾಶಿಯಿಂದ ಬರೀ ಬಿಳಿ ಹೊಗೆ ಏಳುತ್ತಿತ್ತು. ಮರುದಿನ ಮಾಲಕರು ಬೆಂಕಿ ಆರಿಸುವ ಬಕೀಟುಗಳನ್ನೆಲ್ಲ ತೆಗೆಸಿ, ಅವು ತೂಗುತ್ತಿದ್ದ ಗೂಟಕ್ಕೆ ನನ್ನ ಅಂಗಿ ತೂಗುಹಾಕಿಕೊಳ್ಳಲು ಹೇಳಿದರು.

ಮಾವಿನ ಮರದ ಕೆಳಗೆ

ಅಂಥ ಧಾರೆ ವಯಸ್ಸಾದ ಮೇಲೆ ಬೇಸಿಗೆಯ ನಳದ ಹಾಗಾಯಿತು. ಅವಸರ ಬೆಟ್ಟದಷ್ಟು, ಬರುವುದು ಹನಿ.

ಮಗಳನ್ನು ಖಾನಾಪುರಕ್ಕೆ ಕೊಟ್ಟಿದ್ದೆ. ಒಂದು ಮುಂಜಾನೆ ಅಲ್ಲಿಗೆ ಹೋಗುವಾಗ ತಡೆಯಲಾಗದೆ ಬಸ್ಸು ನಿಲ್ಲಿಸಿ ಮಾವಿನ ಮರದ ಕೆಳಗೆ ನಿಂತೆ. ಮಂಜು ಅಂದರೆ ಮಂಜು. ಮರಗಳು ಬೇರು ಬಿಟ್ಟು ತೇಲುತ್ತಿರುವ ಹಾಗೆ ಕಾಣುತ್ತಿದ್ದವು. ಎಲ್ಲೋ ಎತ್ತಿನ ಗೆಜ್ಜೆ, ಎಲ್ಲೋ ಒಂದು ಕೋಗಿಲೆ. ನಾನು ಕಣ್ಣು ಮುಚ್ಚಿ ಹರಿಯುವ ನೀರನ್ನೆಲ್ಲ ನೆನೆಸುತ್ತ ಹೋದೆ. ಮೊದಲು ಮಲಪ್ರಭಾ, ಆಮೇಲೆ ಅದರ ಹಳ್ಳಗಳು, ಆಮೇಲೆ ಹಳ್ಳಗಳ ಬಾಜೂಕಿನ ಕಾಲುವೆಗಳು. ಯಾವುದೂ ನನ್ನ ಕಡೆ ತಿರುಗಲಿಲ್ಲ. ಬೇಸತ್ತ ಬಸ್ಸಿನವರು ನನ್ನನ್ನು ಅಲ್ಲೇ ಬಿಟ್ಟು ಹೋದದ್ದೂ ತಿಳಿಯಲಿಲ್ಲ.

ಕಡೆಗೆ ನಾಲ್ಕು ಹನಿ ಬಿದ್ದ ಹಾಗಾಗಿ ಕಣ್ಣು ತೆರೆದರೆ ಬಿಸಿಲು ಏರಿದೆ, ಎದುರಿಗೆ ಅದೇ ಬಸ್ಸು ನಿಂತಿದೆ. ಕಂಡಕ್ಟರ ಕಿಟಕಿಯಿಂದ ತಲೆ ಹೊರಹಾಕಿ, "ಅಜ್ಜಾರ, ನಾವು ಖಾನಾಪುರ ಮುಟ್ಟಿ ತಿರುಗಿ ಬೆಳಗಾವಿಗೆ ಹೊಂಟೇವಿ. ನಿಮ್ಮದು ಮುಗಿದಿದ್ದರ ಹತ್ರಿ" ಅಂದ.

ಬಚ್ಚಲ ಬಾಗಿಲ ಮರ್ಯಾದೆ

ಖಾನಾಪುರದ ಬೀಗರು, ಅಂದರೆ ಮಗಳ ಮಾವ, ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಗರಗಸ ನಡೆಸಿದವರು. ಬೈಯುವುದು ಮರಾಠಿಯಲ್ಲಿ, ಮರ್ಯಾದೆ ಕೊಡುವುದು ಕನ್ನಡದಲ್ಲಿ. ಒಂದು ಸಲ ಅವರ ಮನೆಯಲ್ಲಿ ಊಟ ಮುಗಿಸಿ ಹಿತ್ತಲ ಬಚ್ಚಲಿಗೆ ಹೋದರೆ ಅವರೂ ಅದೇ ಹೊತ್ತಿಗೆ ಬಂದರು. ಹೆಣ್ಣು ಕೊಟ್ಟವನು ನಾನು, ಗಂಡಿನವರನ್ನು ಬಿಟ್ಟು ಮೊದಲು ಹೋಗಬಾರದು. ಮನೆಗೆ ಬಂದ ಬೀಗ ನಾನು, ನನ್ನನ್ನು ಬಿಟ್ಟು ಅವರು ಮೊದಲು ಹೋಗಬಾರದು. ನೀವು ಹೋಗ್ರಿ ಅಂದೆ. ಛೇ, ನೀವು ಮೊದಲ ಅಂದರು. ಇಬ್ಬರೂ ಕಾಲು ಬದಲಿಸುತ್ತ, ಹಲ್ಲು ಕಚ್ಚಿ ನಗುತ್ತ ಕೈಮುಗಿಯುತ್ತಿದ್ದೆವು. ಅಷ್ಟರಲ್ಲಿ ಬೀಗತಿ ಅರಿವೆಯ ಗಂಟು ಹೊತ್ತು ಬಂದು, ನಿಮ್ಮದು ಹೆಂಗೂ ತಡಾ ಐತಿ ಅಂತ ಒಳಗೆ ಹೋಗಿ ಒಗೆಯಲು ಕುಂತರು.

ಹೀಗೆ ಒಬ್ಬರ ರೋಗ ಒಬ್ಬರಿಗೆ ತಿಳಿಯಿತು. ಇಬ್ಬರಿಗೂ ವಯಸ್ಸಾದ ಗಂಡಸರಿಗೆ ಆಗುವಂತೆ ಒಳಗಿನ ಗಂಟು ಬೆಳೆದು ನೀರಿನ ದಾರಿ ಹಿಚುಕುತ್ತಿತ್ತು.

ಬೀಗರು, "ಗಂಟಿದ್ದ ಕಟಗೀನ ಕಾಸಿದರ ಗಂಟು ಹೋಗ್ತೈತೇನ್ರಿ? ಕೊಯ್ಯಬೇಕು" ಅಂದರು.

"ಜಾಮ್ ಆದ ಕಬ್ಬಿಣಾ ಕೊಯ್ಯತಾರೇನ್ರಿ ಬೀಗರ? ಕಾಸಿದರ ತಾನ ಸಡಲ್ತೈತಿ" ಅಂದೆ ನಾನು.

ಮಾತು ಬೆಳೆಯಿತು. ನನ್ನ ಮೈಗೆ ಕತ್ತಿ ಬಿದ್ದರೆ ನಾನು ಸೋತ ಹಾಗೆ, ಅವರು ಕಾವಿಗೆ ಕುಂತರೆ ಅವರು ಸೋತ ಹಾಗೆ ಅಂತ ಕರಾರಾಯಿತು. ಹೊರಡುವಾಗ ಮಗಳು ಬಾಗಿಲ ಸಂದಿಯಲ್ಲಿ ನಿಂತು ಮೆಲ್ಲಗೆ, "ಅಪ್ಪಾ, ಸೋಲಬ್ಯಾಡ. ನೀ ಸೋತರ ಈ ಮನ್ಯಾಗ ದಿನಾ ಮಾತು ಕೇಳಾಕಿ ನಾನು" ಅಂದಳು. ಆ ಮಾತು ಎದೆಯಲ್ಲಿ ಕುಂತುಬಿಟ್ಟಿತು.

ತಾಮ್ರದ ಬೋಗಾಣಿ

ಮನೆಗೆ ಬಂದವನೇ ಕಾವು ಶುರುಮಾಡಿದೆ. ಅಟ್ಟದ ಮೇಲಿದ್ದ ದೊಡ್ಡ ತಾಮ್ರದ ಬೋಗಾಣಿ ಇಳಿಸಿ, ಸುಡುಸುಡು ನೀರು ತುಂಬಿ, ಸೊಂಟದ ತನಕ ಮುಳುಗಿ ಕುಂತೆ. ಮಂದಿ ಕೈ ಇಟ್ಟರೆ ಹೌಹಾರುವ ಬಿಸಿ ನನಗೆ ಬೆಳದಿಂಗಳು. ಉಗಿ ಏರಿ ಗೋಡೆ ಕರಗಿತು, ಸೂರು ಕರಗಿತು, ಬೋಗಾಣಿ ಸಾವಕಾಶ ನೆಲ ಬಿಟ್ಟು ಮೇಲೆದ್ದಿತು. ಉದ್ಯಮಬಾಗದ ಚಿಮಣಿಗಳು ಕೆಳಗೆ ಊದಿನಕಡ್ಡಿಯ ಹಾಗೆ ಕಂಡವು. ಸಾಂಬ್ರಾ ವಿಮಾನ ನಿಲ್ದಾಣದ ಮೇಲೆ ವಿಮಾನವೊಂದು ನನಗೆ ದಾರಿ ಬಿಟ್ಟು ಬಾಜೂಕೆ ಸರಿಯಿತು. ಆ ತೇಲುವಿಕೆಯೊಳಗೇ, ಹೇಳದೆ ಕೇಳದೆ, ನೀರು ಸಡಿಲಾಯಿತು.

ದಿನಾ ಕುಂತೆ. ಓಣಿಯ ಮುದುಕರು ಬಾಗಿಲಲ್ಲಿ ನಿಂತು ನೋಡತೊಡಗಿದರು. ಎಲ್ಲರಿಗೂ ಕಾವಿನ ಮಹಿಮೆ ಹೇಳುತ್ತಿದ್ದೆ.

ತವರಿಗೆ ಹೋಗಿದ್ದ ಹೆಂಡತಿ ತಿರುಗಿ ಬಂದ ದಿನ ಬೋಗಾಣಿಯಲ್ಲಿ ನಾನು, ಅಂಗಳದಲ್ಲಿ ಬಾಜೂ ಮನೆಯವರು. ಅವರ ಮನೆ ಲಗ್ನದಲ್ಲಿ ಹೂರಣ ಕಲಸಲು ಆ ಬೋಗಾಣಿಯನ್ನೇ ಕೇಳಲು ಬಂದಿದ್ದರು. ಅವಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು, ಶಾಂತವಾಗಿ, "ಬೋಗಾಣಿ ಬ್ಯಾಡ್ರಿ, ಅದರಾಗ ನಮ್ಮದ ಪದಾರ್ಥ ಕುದ್ಯಾಕತ್ತೈತಿ" ಅಂದಳು.

ಒಂದೇ ತಂತಿ

ಕಾವು ಸೋತಿತು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಒಂದು ದಿನ ಮುಂಜಾನೆಯಿಂದ ಒಂದು ಹನಿಯೂ ಇಲ್ಲ. ಹೊಟ್ಟೆ ನಗಾರಿಯಾಯಿತು. ಬೋಗಾಣಿಯೊಳಗೆ ಕುಂತರೂ ಇಲ್ಲ, ಮಲಪ್ರಭೆಯನ್ನು ನೆನೆದರೂ ಇಲ್ಲ. ಹೆಂಡತಿ ಆಟೋ ತರಿಸಿ ನೆಹರು ನಗರದ ಕಡೆಯ ಒಂದು ದವಾಖಾನೆಗೆ ಒಯ್ದಳು. ಅಲ್ಲಿ ನೀರು ಹೊರಗೆ ಬರಲು ನಳಿಗೆ ಹಾಕಿದರು. ಸ್ವರ್ಗ ಎಲ್ಲಿದೆ ಅಂತ ಸ್ವಾಮಿಗಳು ಕೇಳಿದರೆ ಆ ಗಳಿಗೆಯ ವಿಳಾಸ ಕೊಟ್ಟೇನು.

ಡಾಕ್ಟರು ಎಳೆಯ ಹುಡುಗ, ಮೀಸೆ ಈಗಷ್ಟೇ ಮೂಡಿದೆ. ಆಪರೇಶನ್ ಆಗಬೇಕು ಅಂದರು. ನಾನು ಮಗಳ ಮಾತನ್ನೂ ಬೀಗರ ಕರಾರನ್ನೂ ಬಿಡಿಸಿ ಹೇಳಿ, ಕಾವಿನಿಂದಲೇ ಆಗುವುದಿದ್ದರೆ ಮಾಡಿರಿ, ಇಲ್ಲದಿದ್ದರೆ ಈ ನಳಿಗೆಯೊಂದಿಗೇ ಮಣ್ಣಿಗೆ ಹೋಗುತ್ತೇನೆ ಅಂದೆ. ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡು ಸಾವಕಾಶ ತಿಳಿಸಿದರು. ಬಿಸಿನೀರಿಗೆ ಬಿಗಿದ ನರ ಸಡಿಲುತ್ತದೆ, ಗಂಟು ಕರಗುವುದಿಲ್ಲ. ಪರದೇಶದಲ್ಲಿ ಗಂಟಿಗೇ ಕಾವು ಕೊಡುವ ಮಷೀನು ಬರುತ್ತಿದೆಯಂತೆ. ಅದರಲ್ಲಿ ರಕ್ತ ಕಡಿಮೆ ಹೋಗುತ್ತದೆ, ಮಲಗುವುದೂ ಕಡಿಮೆ, ಆದರೆ ಗಂಟು ಅಲ್ಲೇ ಇದ್ದು ನಿಧಾನ ಕುಗ್ಗಬೇಕು. ಕೊಯ್ದು ತೆಗೆದರೆ ರಕ್ತ ಹೋಗುತ್ತದೆ, ಕೆಲವು ದಿನ ನಳಿಗೆ ಇರುತ್ತದೆ, ಆದರೆ ದಾರಿ ಚೊಕ್ಕ ಆಗುತ್ತದೆ. ನನ್ನದು ಪೂರಾ ಬಂದ್ ಆಗಿದ್ದರಿಂದ ತೆಗೆಯುವುದೇ ಯೋಗ್ಯ.

"ಯಾತರಿಂದ ತಗೀತೀರಿ?" ಅಂದೆ.

"ಹೊಟ್ಟಿ ಸೀಳೂದಿಲ್ರಿ ಅಜ್ಜಾರ. ನೀರಿನ ದಾರಿ ಹಿಡದ ಒಂದು ತಂತಿ ಒಳಗ ಬಿಡ್ತೀವಿ. ಅದಕ್ಕ ಕರೆಂಟು ಕೊಡ್ತೀವಿ. ಅದರ ಕಾವಿಗೆ ಗಂಟು ಚೂರುಚೂರಾಗಿ ಬರ್ತೈತಿ."

ಕಾವು ಅಂದರಲ್ಲ, ಅಷ್ಟು ಸಾಕಾಯಿತು. ಹೆಬ್ಬೆಟ್ಟು ಒತ್ತಿದೆ.

ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ಸೊಂಟದ ಕೆಳಗಿನ ನಾನು ಎಲ್ಲಿಗೋ ಹೋದೆ. ಮೇಲಿನ ನಾನು ಬಿಳಿ ದೀಪದ ಕೆಳಗೆ ಮೋಡದಲ್ಲಿ ಮಲಗಿದ್ದೆ. ಕಾಲುಗಳು ಖಾನಾಪುರದ ಅಡವಿಯಲ್ಲಿ ತಾವೇ ತಿರುಗಾಡಿಕೊಂಡಿವೆ ಅನಿಸಿತು. ದೂರದಲ್ಲಿ ಯಾರೋ ಗುಂಯ್ ಅಂತ ಕರೆಂಟು ಹಚ್ಚುತ್ತಿದ್ದರು. ಭಟ್ಟಿ ಹೊತ್ತಿತು ಅಂತ ತಿಳಿದು, ಗಾಳಿ ಜಾಸ್ತಿ ಬಿಡ್ರಿ, ಕೆಂಪಗ ಆಗಲಿ ಅಂತ ಆರ್ಡರು ಕೊಟ್ಟೆನಂತೆ. ನರ್ಸಬಾಯಿ ಆಮೇಲೆ ಹೇಳಿದರು.

ನನ್ನನ್ನು ನೋಡಲು ಬೀಗರು ಬಸ್ಸಿನಲ್ಲಿ ಬಂದರು. ಆ ಕುಲುಕಾಟಕ್ಕೋ ಏನೋ, ದವಾಖಾನೆಯ ಬಾಗಿಲು ಮುಟ್ಟುವುದರೊಳಗೆ ಅವರದೂ ನೀರು ಬಂದ್ ಆಗಿತ್ತು. ಡಾಕ್ಟರನ್ನು ಮೂಲೆಗೆ ಕರೆದು, ಕೊಯ್ಯುವುದಾದರೆ ಅಷ್ಟೇ ಮಾಡಿರಿ, ಕಾಸುವುದಾದರೆ ಊರಿಗೆ ಹೋಗುತ್ತೇನೆ ಅಂದರಂತೆ. ಕೊಯ್ಯುವುದೇ ಅಂದರು ಡಾಕ್ಟರು. ಅದೂ ಸುಳ್ಳಲ್ಲ.

ನನ್ನ ನಳಿಗೆ ತೆಗೆದ ದಿನ ಬೀಗರೂ ಆಪರೇಶನ್ ಮುಗಿಸಿ ಬಾಜೂ ಕಾಟಿನಲ್ಲಿ ಕೆಂಪು ನೀರಿನ ಚೀಲ ಕಟ್ಟಿಕೊಂಡು ಮಲಗಿದ್ದರು. ನನಗೆ ಮೊದಲು ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು, ಆಮೇಲೆ ಧಾರೆ ಬಂತು. ಬಕೀಟಿನ ಸದ್ದಿಗೆ ವಾರ್ಡೆಲ್ಲ ಎದ್ದು ಕುಂತಿತು. ಕೆಲವು ದಿನಕ್ಕೆ ಅವರದೂ ಹರಿಯಿತು. ಹರಿದದ್ದೇ ವಾದ ಶುರು. ಕಾಸಿದ್ದಕ್ಕೇ ಬಂತು ಅಂತ ನಾನು, ಕೊಯ್ದದ್ದಕ್ಕೇ ಬಂತು ಅಂತ ಅವರು. ನಡುವೆ ಮಗಳು ಮಾವನಿಗೊಂದು, ಅಪ್ಪನಿಗೊಂದು ಗಂಜಿಯ ಲೋಟ ಹಿಡಿದು ನಿಂತಿದ್ದಳು. ಮಾರಿ ಬಾಡಿತ್ತು. ಒಬ್ಬರು ಸೋಲಲೇಬೇಕಿತ್ತು, ಯಾರು ಸೋತರೂ ಅವಳಿಗೇ ತ್ರಾಸು.

ಡಾಕ್ಟರು ಬಂದರು. ನೀವೇ ನ್ಯಾಯ ಹೇಳಿರಿ ಅಂತ ಇಬ್ಬರೂ ಗಂಟುಬಿದ್ದೆವು.

"ನ್ಯಾಯ ಏನ್ ಬಂತ್ರಿ? ಇಬ್ಬರಿಗೂ ಒಂದ ತಂತಿ, ಒಂದ ಕರೆಂಟು, ಒಂದ ರೀತಿ. ಅದು ಕಾಸ್ಕೋತನ ಕೊಯ್ಯತೈತಿ" ಅಂದು ಅವರು ಹೋಗಿಬಿಟ್ಟರು.

ಬೀಗರು ನನ್ನ ಮಾರಿ ನೋಡಿದರು, ನಾನು ಅವರ ಮಾರಿ ನೋಡಿದೆ. ಆಮೇಲೆ ಬೀಗರು, "ಹುಡುಗ ಶಾಣ್ಯಾ ಅದಾನ್ರಿ, ಕೈ ಛಲೋ ಐತಿ" ಅಂದರು.

"ಖರೇ ಐತ್ರಿ ಬೀಗರ" ಅಂದೆ. "ಆದರ ಪಾಪ, ತಾ ಏನ ಮಾಡ್ಯಾನ ಅನ್ನೂದು ಇನ್ನೂ ತನಗ ತಿಳದಿಲ್ಲ."

ಹೌದ್ರಿ ಅಂತ ಬೀಗರು ಗೋಣು ಹಾಕಿದರು. ಮಗಳ ಲಗ್ನವಾದಂದಿನಿಂದ ನಾವಿಬ್ಬರೂ ಒಪ್ಪಿದ ಮೊದಲನೆಯ ಮಾತು ಅದು. ಮಗಳು ಎರಡೂ ಲೋಟ ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ವರಾಂಡದಲ್ಲಿ ಅವಳು ನಕ್ಕ ಸದ್ದಿಗೆ ನರ್ಸಬಾಯಿ ಯಾರಿಗೋ ಏನೋ ಆಯಿತು ಅಂತ ಸ್ಟ್ರೆಚರು ತಂದರು.