ಬಾಟಲಿ ದೀಪದ ಗೌಳಿಯವರಿಗೊಂದು ಅಹವಾಲು

ಮಾನ್ಯರೇ,

ಪೆರಿಯನಾಯಕನಪಾಳ್ಯಂನ ನಮ್ಮ ನಡುಮನೆಯಲ್ಲಿ, ತೆಂಕಣ ಗೋಡೆಯ ಬಾಟಲಿ ದೀಪದ ಮೇಲೆ ಸುಖವಾಗಿ ಬಿಡಾರ ಹೂಡಿರುವ ಹಲ್ಲಿ ಮಹಾಶಯರಾದ ತಮಗೆ ಈ ಮನೆಯ ಸೊಸೆ ನಿತ್ಯಾ ಮಾಡುವ ಅನಂತ ನಮಸ್ಕಾರಗಳು. ತಮ್ಮ ಹೊಟ್ಟೆ ತುಂಬಿದೆಯೆಂದೂ ಬಾಲ ಸ್ವಸ್ಥಾನದಲ್ಲಿದೆಯೆಂದೂ ನಂಬಿದ್ದೇನೆ. ಪತ್ರವನ್ನು ಎಲ್ಲರಿಗೂ ಕಾಣುವಂತೆ ಗೋಡೆಗೇ ಅಂಟಿಸುತ್ತಿದ್ದೇನೆ. ಮನೆಮಂದಿಯೆಲ್ಲ ಕನ್ನಡ ಆಡುವವರೇ ಆದರೂ ಕಲಿತದ್ದು ತಮಿಳು ಶಾಲೆಯಲ್ಲಿ, ಕನ್ನಡ ಓದಲು ಬರುವುದು ಕೊಳ್ಳೇಗಾಲದಿಂದ ಬಂದ ನನಗೊಬ್ಬಳಿಗೇ, ಅದಕ್ಕೇ ಇಷ್ಟು ಧೈರ್ಯ.

ತಮ್ಮ ಈಗಿನ ನಿವಾಸವನ್ನು ಕಟ್ಟಿದವಳು ನಾನು. ಅಂಗಡಿಯಲ್ಲಿ ತೂಗುದೀಪದ ಬೆಲೆ ಕಿವಿಗೆ ಬಿದ್ದದ್ದೇ ನಮ್ಮ ಯಜಮಾನರಾದ ದೀನದಯಾಳನ್ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಹುಡುಕತೊಡಗಿದ್ದರಿಂದ, ಉಪ್ಪಿನಕಾಯಿಯದೊಂದು, ಜಾಮಿನದೊಂದು, ಕಾಫಿಪುಡಿಯದೊಂದು ಖಾಲಿ ಗಾಜಿನ ಬಾಟಲಿಯನ್ನು ಬಿಸಿನೀರಲ್ಲಿ ನೆನೆಸಿ, ಚೀಟಿ ಕೆರೆದು, ಮುಚ್ಚಳಗಳಿಗೆ ಮೊಳೆಯಿಂದ ತೂತು ಹೊಡೆದು, ಗುಜರಿಯಲ್ಲಿ ಆರಿಸಿ ತಂದ ಹೋಲ್ಡರು, ವೈರು ಸೇರಿಸಿ ದೀಪ ಮಾಡಿದೆ. ಉಪ್ಪಿನಕಾಯಿ ವಾಸನೆ ಹೋಗಿಲ್ಲವೆಂದು ಅತ್ತೆ ಮೂಗು ಮುರಿದರು. ಆದರೂ ಸ್ವಿಚ್ಚು ಹಾಕಿದಾಗ, ಅಬ್ಬಾ, ನನ್ನ ದೃಷ್ಟಿಯೇ ತಾಗುವಷ್ಟು ಚೆಂದವಿತ್ತು! ಕೊಕ್ಕೆ ಇದ್ದದ್ದು ತೆಂಕಣ ಗೋಡೆಯಲ್ಲಿ, ಅಲ್ಲೇ ನೇತುಹಾಕಿದೆ.

ದೀಪಕ್ಕೆ ಹುಳು ಬಂದವು, ಹುಳುವಿನ ಹಿಂದೆ ತಾವು ಬಂದಿರಿ. ಅಲ್ಲಿಯವರೆಗೆ ತಾವು ಮೂಡಣ ಗೋಡೆಯ ದೇವರ ಪಟದ ಹಿಂದೆ ಮರ್ಯಾದಸ್ಥರಾಗಿ ಬಾಳುತ್ತಿದ್ದವರು. ನಮ್ಮತ್ತೆ ರಾಮಾಯಿಯವರೋ, ಗೌಳಿ ನುಡಿಯದೆ ಯಾವ ಕೆಲಸಕ್ಕೂ ಒಪ್ಪುವವರಲ್ಲ. ಮೂಡಲಿಂದ ಲೊಚಗುಟ್ಟಿದರೆ ಹೂಂ, ತೆಂಕಲಿಂದಾದರೆ ಊಹೂಂ. ಈಗ ಪಂಪ್ ಕಂಪನಿಯೊಂದರ ಲೆಕ್ಕದ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿದೆ. ಅತ್ತೆಯ ಮುಂದೆ ಆ ಮಾತೆತ್ತಿದಾಗಲೆಲ್ಲ ತೆಂಕಲಿಂದ ಲೊಚ್ ಲೊಚ್! ಅವರು ನೆಲಕ್ಕೆ ಬೆರಳು ಕುಟ್ಟಿ, ಗೌಳಿಯೇ ಬೇಡ ಅಂತಿದೆಯಲ್ಲ ತಾಯಿ, ನಾನೇನು ಮಾಡಲಿ ಎಂದು ಧಾರಾವಾಹಿಯತ್ತ ತಿರುಗುತ್ತಾರೆ. ಯಜಮಾನರು ಅಮ್ಮನ ಕಡೆ ಕೈ ತೋರಿಸುತ್ತಾರೆ, ಅಮ್ಮ ಗೋಡೆಯ ಮೇಲಿರುವ ತಮ್ಮ ಕಡೆ. ಇಷ್ಟು ಕಡಿಮೆ ಮಾತಾಡಿ ಇಷ್ಟು ದರ್ಬಾರು ನಡೆಸುವವರನ್ನು ನಾನು ಯಾವ ಸರ್ಕಾರಿ ಕಚೇರಿಯಲ್ಲೂ ಕಂಡಿಲ್ಲ, ತಮಗೆ ಶಾಲು ಹೊದಿಸಬೇಕು. ಆದರೆ ನನಗೆ ಅಳು ಬರುತ್ತದೆ, ಸ್ವಾಮಿ. ಬಿ.ಕಾಂ. ಓದಿ ಮನೆಯಲ್ಲಿ ಕೂತು ಸಾಕಾಗಿದೆ. ಆ ಕೆಲಸ ನನಗೆ ಬೇಕೇ ಬೇಕು.

ಸೋಮವಾರದೊಳಗೆ ಕಂಪನಿಗೆ ಉತ್ತರ ಹೇಳಬೇಕು. ಆದಕಾರಣ ಇಂದು ಅತ್ತೆ ಅವಿನಾಶಿ ಊರಲ್ಲಿರುವ ತಮ್ಮಕ್ಕನ ಮನೆಗೆ ಹೋದ ಹೊತ್ತು ನೋಡಿ, ಯಜಮಾನರನ್ನು ಸ್ಟೂಲು ಹತ್ತಿಸಿ, ವೈರು ಎಳೆಸಿ, ದೀಪವನ್ನು ಮೂಡಣ ಗೋಡೆಗೆ ವರ್ಗ ಮಾಡಿಸಿದ್ದೇನೆ. ತಾವು ಸಕುಟುಂಬ ಅಲ್ಲಿಗೆ ದಯಮಾಡಿಸಿ, ರಾತ್ರಿ ಊಟವಾದ ಮೇಲೆ ನಾನು ಮಾತೆತ್ತಿ ಕೆಮ್ಮಿದ ಕೂಡಲೇ, ಬಾಯಲ್ಲಿರುವ ಹುಳು ನುಂಗಿಕೊಂಡು, ಸ್ಪಷ್ಟವಾಗಿ ನುಡಿಯಬೇಕೆಂದು ಕೋರಿಕೆ. ಕನ್ನಡದಲ್ಲಿ ಆಗದಿದ್ದರೆ ತಮಿಳಾದರೂ ಸರಿ, ಈ ಮನೆಯಲ್ಲಿ ಎರಡೂ ನಡೆಯುತ್ತವೆ.

ತಮಗೆ ದಿನವೂ ಹುಳು ಒದಗಿಸುವ,
ತಮ್ಮ ವಿಶ್ವಾಸಿ,
ನಿತ್ಯಾ

ತಾ.ಕ. (ಮರುದಿನ ಸೇರಿಸಿದ್ದು): ನಿನ್ನೆ ರಾತ್ರಿ ತಾವು ಮೂಡಣ ಗೋಡೆಗೆ ಬಂದಿರಿ, ಸಂತೋಷ. ಆದರೆ ಹೊಟ್ಟೆ ಬಿರಿಯೆ ತಿಂದು, ನಾನು ಗಂಟಲು ಹರಿಯುವಂತೆ ಕೆಮ್ಮಿದರೂ ತುಟಿಪಿಟಕ್ಕೆನ್ನಲಿಲ್ಲವಲ್ಲ, ಪುಣ್ಯಾತ್ಮರೇ! ಅತ್ತೆ ದೀಪವನ್ನು ನೋಡಿದರು, ತಮ್ಮನ್ನು ನೋಡಿದರು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತುಂಬಿಕೊಂಡ ನನ್ನನ್ನು ನೋಡಿದರು. ಆಮೇಲೆ ಎದ್ದು ಮೂಡಣ ಗೋಡೆಯ ಪಕ್ಕ ಹೋಗಿ ಕೂತು, ಬಾಯಿಗೆ ಸೆರಗು ಅಡ್ಡ ಹಿಡಿದು ಸ್ವತಃ ಲೊಚ್ ಲೊಚ್ ಎಂದರು. ನೆಲಕ್ಕೆ ಬೆರಳು ಕುಟ್ಟಿ, ಗೌಳಿ ಹೂಂ ಅಂತು, ಹೋಗಿ ಬಾ ಎಂದರು. ಹಿಂದೆ ತೆಂಕಲಿಂದ ಕೇಳಿದ ಸದ್ದುಗಳಲ್ಲಿ ತಮ್ಮವೆಷ್ಟು, ಅವರವೆಷ್ಟು ಎಂದು ನಾನು ಕೆದಕಲು ಹೋಗುವುದಿಲ್ಲ.